ಕಾಲಕ್ಕೆ ಮೈನಸ್ಸು

ಜನವರಿ 12, ಭಾನುವಾರ

ಹೋಗಿಬಂದೆ. ಹೋಗಲೋ ಬೇಡವೋ ಅಂತ ಒಂದು ತಿಂಗಳು ನನ್ನನ್ನು ನಾನೇ ಸತಾಯಿಸಿಕೊಂಡು ಕೊನೆಗೂ ಹೋಗಿಬಂದೆ. ಗೇಟಿನ ತನಕ ಹೋದಮೇಲೂ ವಾಪಸ್ ತಿರುಗುವವಳಿದ್ದೆ. ಎದುರುಮನೆ ನಾಯಿ ಬೊಗಳಿ ಮಾನ ಕಳೆಯಿತು, ಮೇಷ್ಟ್ರು ಹೊರಗೆ ಬಂದರು.

ಡಿಸೆಂಬರಿನಲ್ಲಿ ಮಣಿಕಟ್ಟು ಉಳುಕಿಸಿಕೊಂಡು ನಮ್ಮ ಆಸ್ಪತ್ರೆಗೆ ಬಂದಿದ್ದರಲ್ಲ, ಅವರೇ. ಎಕ್ಸ್‌ರೇ ಮೇಜಿನ ಮೇಲೆ ಕೈಯಿಟ್ಟು ಕೂತ ಮುದುಕರ ಮುಖ ಎಲ್ಲೋ ನೋಡಿದ ಹಾಗಿದೆ ಅಂದುಕೊಳ್ಳುತ್ತಲೇ ಹೊಳೆಯಿತು, ಇವರು ನಮ್ಮ ಮೇಡಂ ಗಂಡ. ಬಿ.ಎಸ್ಸಿ. ಕೊನೇ ವರ್ಷ ನಮಗೆ ಫಿಸಿಕ್ಸಿನ ರಿಲೇಟಿವಿಟಿ, ಅಂದರೆ ಸಾಪೇಕ್ಷತಾ ಸಿದ್ಧಾಂತ, ಕಲಿಸಿದ್ದು ಮೇಡಂ. ಇವರು ಅದೇ ಕಾಲೇಜಿನಲ್ಲಿ ಎಂ.ಎಸ್ಸಿ.ಯವರಿಗೆ ಫೀಲ್ಡ್ ಥಿಯರಿ, ಅಂದರೆ ಕ್ಷೇತ್ರ ಸಿದ್ಧಾಂತ, ಹೇಳುತ್ತಿದ್ದರು. ಗಂಡಹೆಂಡಿರು ಸ್ಟಾಫ್ ರೂಮಿನಲ್ಲಿ ಜಗಳಕ್ಕೆ ಬಿದ್ದರೆ ಕಾರಿಡಾರಿನ ಆ ತುದಿಗೆ ಕೇಳಿಸೋದು. ನಾವು ಹುಡುಗೀರು ಕಿಟಕಿ ಕೆಳಗೆ ಕಿವಿಕೊಟ್ಟು ನಿಲ್ಲುತ್ತಿದ್ದೆವು, ಏನು ಜಗಳ ಅಂತ ಒಂದಕ್ಷರ ಅರ್ಥವಾಗದಿದ್ದರೂ.

ಮೇಡಂ ಹೇಗಿದ್ದಾರೆ ಅಂತ ಕೇಳಿದೆ. "ಹೋದಳು, ಒಂದು ವರ್ಷ ಆಯ್ತು" ಅಂದರು. ನಾನು ಪೆಚ್ಚಾಗಿ ಎಕ್ಸ್‌ರೇ ಗುಂಡಿ ಒತ್ತುವುದನ್ನೇ ಮರೆತೆ. ಅವರೇ ಮಾತು ಬದಲಾಯಿಸಿ, ಮುಂದೆ ಯಾಕೆ ಓದಲಿಲ್ಲ ಅಂತ ವಿಚಾರಿಸಿದರು. ಎಂ.ಎಸ್ಸಿ. ಸೀಟು ಸಿಕ್ಕಿತ್ತು, ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು, ಬೇಗ ಕೆಲಸ ಸಿಗಲಿ ಅಂತ ಎಕ್ಸ್‌ರೇ ಡಿಪ್ಲೊಮಾ ಮಾಡಿಕೊಂಡೆ ಅಂದೆ. ಇನ್ನೂ ಆಸೆ ಇದ್ದರೆ ಒಂದು ಭಾನುವಾರ ಬನ್ನಿ ಅಂದು ಹೋಗಿದ್ದರು.

ಬಂದವಳಿಗೆ ಇವತ್ತು ಕರಾರು ಹಾಕಿದರು. ಫೀಲ್ಡ್ ಥಿಯರಿ ಬೇಕಾದರೆ ಮೊದಲು ರಿಲೇಟಿವಿಟಿ ಬರಬೇಕು. ತಲೆಗಲ್ಲ, ಕೈಗೆ ಬರಬೇಕು. ಪ್ರತಿ ಭಾನುವಾರ ಲೆಕ್ಕ. ಮಾರ್ಚ್ ಮಧ್ಯಕ್ಕೆ ಕೈ ಕೂತಿದ್ದರೆ ಮುಂದಿನ ಪಾಠ.

ಹಾಲ್‌ನಲ್ಲಿ ಒಂದು ಗೋಡೆ ಪೂರ್ತಿ ಕರಿಹಲಗೆ. ಕಿಟಕಿ ಪಕ್ಕ ಒಂದು ಬೆತ್ತದ ಕುರ್ಚಿ, ಅದರ ಮೇಲೆ ಮಡಿಸಿಟ್ಟ ಶಾಲು. ನಾನು ಸೀದಾ ಹೋಗಿ ಅಲ್ಲೇ ಕೂರಲು ಹೊರಟೆ. "ಅಲ್ಲಿ ಬೇಡ, ಇಲ್ಲಿ ಕೂತ್ಕೊಳ್ಳಿ" ಅಂದರು, ಮೆತ್ತಗೆ. ಅದು ಮೇಡಂ ಕುರ್ಚಿ. ಸಾರಿ ಸರ್, ಸಾರಿ ಸರ್ ಅಂತ ಎಷ್ಟು ಸಲ ಅಂದೆನೋ. ಮನೆಗೆ ಬಂದು ಟೀ ಕುಡಿದರೂ ಮುಖದ ಬಿಸಿ ಇಳಿದಿಲ್ಲ.

ಜನವರಿ 15, ಬುಧವಾರ

ಬೆಳಗ್ಗಿನಿಂದ ಎದೆ ಎಕ್ಸ್‌ರೇಗಳೇ. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ನಿದ್ದೆಯಲ್ಲೂ ಇದನ್ನೇ ಅನ್ನುತ್ತೀಯ, ಪಕ್ಕದಲ್ಲಿ ಮಲಗಿದ ನಾನು ಉಸಿರು ಹಿಡಿದುಕೊಂಡು ಸಾಯಬೇಕು ಅಂತಾಳೆ ಅಕ್ಕ. ಮದುವೆ ಗೋಜಿಗೆ ಹೋಗದ ನಾವಿಬ್ಬರೇ ಮನೆಯಲ್ಲಿ. ಅವಳದು ಟೈಲರಿಂಗು, ಬಾಯಿ ಅವಳ ಕತ್ತರಿಗಿಂತ ಹರಿತ.

ಈ ವಯಸ್ಸಿನಲ್ಲಿ ಅದೇನು ಹುಚ್ಚು ಅಂತ ಅವಳು ಕೇಳಿದಾಗ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಬರೆದುಕೊಳ್ಳುತ್ತೇನೆ. ಯಂತ್ರದೊಳಗೆ ಎಲೆಕ್ಟ್ರಾನುಗಳು ಓಡಿಬಂದು ಲೋಹಕ್ಕೆ ಡಿಕ್ಕಿ ಹೊಡೆದು ನಿಲ್ಲುತ್ತವೆ, ಎಕ್ಸ್‌ರೇ ಹೊರಗೆ ಬರುತ್ತದೆ. ಅದೂ ಬೆಳಕೇ. ಆ ಬೆಳಕಿನ ಕಣ ನಾನು ಗುಂಡಿ ಒತ್ತುವ ಮುಂಚೆ ಎಲ್ಲಿತ್ತು? ಲೋಹದಲ್ಲಿ ಇರಲಿಲ್ಲ, ಎಲೆಕ್ಟ್ರಾನಿನಲ್ಲೂ ಇರಲಿಲ್ಲ. ಡಿಪ್ಲೊಮಾದಲ್ಲಿ ಕೇಳಿದ್ದಕ್ಕೆ, ಪರೀಕ್ಷೆಗೆ ಬರಲ್ಲ ಬಿಡಮ್ಮ ಅಂದಿದ್ದರು. ಕಾಲೇಜಿನಲ್ಲಿ ಬೆಳಕಿನ ಪಾಠ ನಡೆದಾಗ ಇದನ್ನೇ ಮೇಡಂಗೂ ಕೇಳಿದ್ದೆ. ಅವರು ಚಾಕ್‌ಪೀಸ್ ಕೆಳಗಿಟ್ಟು ನನ್ನನ್ನೇ ನೋಡಿ, "ಇಲ್ಲದ್ದು ಹೇಗೆ ಹುಟ್ಟುತ್ತೆ ಅನ್ನೋದು ನಮ್ಮ ಮನೆಯವರ ಪಾಠ ಕಣೆ. ಮೊದಲು ನನ್ನದು ಮುಗಿಸು, ಆಮೇಲೆ ಅವರ ಹತ್ತಿರ ಹೋಗು" ಅಂದಿದ್ದರು.

ಮೇಡಂ ಪಾಠ ಮುಗಿಯಿತು. ಅವರ ಹತ್ತಿರ ಹೋಗುವುದು ಮಾತ್ರ ಆಗಲಿಲ್ಲ. ದಿನಾ ಗುಂಡಿ ಒತ್ತುತ್ತೇನೆ, ದಿನಾ ಆ ಪ್ರಶ್ನೆ ಕೂತಲ್ಲೇ ಕೂತಿರುತ್ತದೆ. ಆಸೆಗೆ ಇಷ್ಟು ಆಯಸ್ಸು ಇರುತ್ತದೆ ಅಂತ ಗೊತ್ತಿರಲಿಲ್ಲ.

ಜನವರಿ 19, ಭಾನುವಾರ

ನಿಮಗೆ ನೆನಪಿರೋದನ್ನ ಬರೀರಿ ನೋಡೋಣ ಅಂತ ಮೇಷ್ಟ್ರು ಚಾಕ್‌ಪೀಸ್ ಕೊಟ್ಟರು. ಮೊದಲ ಸಾಲು ತಾನಾಗಿ ಬಂತು, ಕೈಗೆ ಇನ್ನೂ ಗೊತ್ತಿತ್ತು. ಖುಷಿಯಾಗಿ ತಿರುಗಿ ನೋಡಿದರೆ ಮೇಷ್ಟ್ರು ಹಲಗೆಯನ್ನೇ ನೋಡುತ್ತಾ ನಿಂತುಬಿಟ್ಟಿದ್ದಾರೆ. ತಪ್ಪಾಯ್ತಾ ಸರ್ ಅಂದೆ. ತಪ್ಪಲ್ಲ, ಇದು ಅವಳ ಚಿಹ್ನೆ ಅಂದರು.

ಕಾರಿಡಾರ್ ಜಗಳದ ಗುಟ್ಟು ಇಷ್ಟು ವರ್ಷದ ಮೇಲೆ ಇವತ್ತು ತಿಳಿಯಿತು. ರಿಲೇಟಿವಿಟಿಯಲ್ಲಿ ಎರಡು ಘಟನೆಗಳ ನಡುವಿನ ದೂರ ಅಳೆಯಬೇಕಾದರೆ ಜಾಗದ ಅಂತರವನ್ನೂ ಕಾಲದ ಅಂತರವನ್ನೂ ಕೂಡುವಂತಿಲ್ಲ. ಒಂದರ ವರ್ಗದಿಂದ ಇನ್ನೊಂದರ ವರ್ಗ ಕಳೆಯಬೇಕು. ಯಾವುದಕ್ಕೆ ಮೈನಸ್ ಹಾಕಬೇಕು ಅನ್ನುವುದು ನಮ್ಮಿಷ್ಟ. ರಸ್ತೆಯಲ್ಲಿ ಎಡಕ್ಕೆ ಹೋಗುತ್ತೀರೋ ಬಲಕ್ಕೆ ಹೋಗುತ್ತೀರೋ, ಎರಡೂ ನಡೆಯುತ್ತದೆ. ನಡುದಾರಿಯಲ್ಲಿ ಬದಲಾಯಿಸಿದರೆ ಮಾತ್ರ ಅಪಘಾತ. ಗುರುತ್ವದ ಕಡೆಯವರು ಸಾಮಾನ್ಯವಾಗಿ ಕಾಲಕ್ಕೆ ಮೈನಸ್ ಹಾಕುತ್ತಾರೆ, ಕಣಗಳ ಕಡೆಯವರು ಜಾಗಕ್ಕೆ. ಮೇಡಂ ಕಾಲದ ಪಕ್ಷ, ಇವರು ಜಾಗದ ಪಕ್ಷ. ಕಾಲಕ್ಕೇ ಮೈನಸ್ಸು, ಅದು ನಮ್ಮಿಂದ ಕಿತ್ಕೊಳ್ಳೋದೇ ಜಾಸ್ತಿ ಅಂತ ಮೇಡಂ ನಮಗೂ ಹೇಳಿದ್ದು ನೆನಪಿದೆ. ಅದಕ್ಕೆ ಮೇಷ್ಟ್ರ ಉತ್ತರ ಏನಿತ್ತು ಅಂದರೆ, ನಿನ್ನ ಪುಸ್ತಕದ ರಾಶಿಯಲ್ಲಿ ಮನೇಲಿ ಕಾಲಿಡೋಕೆ ಜಾಗಾನೇ ಇಲ್ಲ, ಮೈನಸ್ಸು ಜಾಗಕ್ಕೇ ಹಾಕಬೇಕು.

ಇದನ್ನು ಹೇಳುವಾಗ ನಗುತ್ತಿದ್ದರು.

ನಾವು ಹೋಗಬೇಕಾದ ಕಡೆ ನನ್ನ ಚಿಹ್ನೇನೇ ಹೆಚ್ಚು ನಡೆಯೋದು, ದಯವಿಟ್ಟು ಬದಲಾಯಿಸ್ಕೊಳ್ಳಿ ಅಂದರು. ದಯವಿಟ್ಟು ಅಂತೆ. ಕಾರಿಡಾರು ನಡುಗಿಸುತ್ತಿದ್ದ ಮನುಷ್ಯ. ನಾನು ಬರೆದದ್ದನ್ನು ಒರೆಸಲು ಬಟ್ಟೆ ತೆಗೆದುಕೊಂಡೆ. ಇರಲಿ ಬಿಡಿ ಅಂತ ಅದರ ಕೆಳಗೆ ತಮ್ಮದನ್ನು ಬರೆದರು.

ಫೆಬ್ರವರಿ 2, ಭಾನುವಾರ

ಎಡಗೈಯಲ್ಲಿ ಬರೆಯುವುದನ್ನು ಕಲಿತ ಹಾಗಿದೆ. ಹಾಳು ಕೈ ಕಾಲಕ್ಕೇ ಮೈನಸ್ ಹಾಕಲು ಹೋಗುತ್ತದೆ. ಇವತ್ತು ಒಂದು ಲೆಕ್ಕ ಕೊನೆಗೆ ಬಂದು ಉಲ್ಟಾ ಹೊಡೆಯಿತು. ನಿಮ್ಮ ಹಳೇ ಚಿಹ್ನೆ ಎಲ್ಲೋ ನುಸುಳಿರಬೇಕು ಅಂದರು ಮೇಷ್ಟ್ರು. ಹೌದು ಸರ್, ನನ್ನದೇ ತಪ್ಪು ಅಂದೆ. ಚಾಕ್‌ಪೀಸ್ ಅವರ ಕೈಯಲ್ಲಿತ್ತು ನಿಜ, ಆದರೆ ಪಕ್ಕದಲ್ಲಿ ನಿಂತು ಸಾಲು ಹೇಳುತ್ತಿದ್ದವಳು ನಾನಲ್ಲವೇ. ನಾನೇ ಏನೋ ತಪ್ಪು ಹೇಳಿರುತ್ತೇನೆ.

ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 5, ಬುಧವಾರ

ಬಲಗೈ ಎಕ್ಸ್‌ರೇ ಬರೆದುಕೊಟ್ಟಿದ್ದರೆ ಎಡಗೈ ತೆಗೆದು ಕಳಿಸಿದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಮುರಿದಿದ್ದ ಮೂಳೆ ಎಷ್ಟು ಬೇಗ ಕೂಡಿಕೊಂಡಿದೆ ನೋಡಿ ಅಂತ ಎಲ್ಲರ ಮುಂದೆ ನಗಾಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಂಥ ತಲೆಗೆ ಫೀಲ್ಡ್ ಥಿಯರಿ ಬೇರೆ ಕೇಡು.

ಫೆಬ್ರವರಿ 16, ಭಾನುವಾರ

ಪಯಾನ್ ಅನ್ನುವ ಕಣ ಒಡೆದು ಮ್ಯೂಆನ್, ನ್ಯೂಟ್ರಿನೋ ಅಂತ ಬೇರೆ ಎರಡು ಕಣ ಹುಟ್ಟುತ್ತವೆ. ನ್ಯೂಟ್ರಿನೋಗೆ ಎಷ್ಟು ಶಕ್ತಿ? ಇದು ಇವತ್ತಿನ ಲೆಕ್ಕ. ಒಂದು ಹೋಗಿ ಬೇರೆ ಎರಡು ಬರುತ್ತವೆ. ನನ್ನ ಪ್ರಶ್ನೆಯ ಬಾಗಿಲ ತನಕ ಬಂದೆ ಅಂತ ಹಲಗೆಗೆ ಇನ್ನಷ್ಟು ಹತ್ತಿರ ಹೋಗಿ ನಿಂತೆ.

ನಾನು ಸಾಲು ಹೇಳಿದೆ, ಮೇಷ್ಟ್ರು ಬರೆದರು, ಉತ್ತರ ಮೈನಸ್ಸು ಬಂತು. ಶಕ್ತಿ ಮೈನಸ್ಸು. ಇದಕ್ಕಿಂತ ಹಾಸ್ಯಾಸ್ಪದ ಇನ್ನೊಂದಿಲ್ಲ. ಮೇಷ್ಟ್ರು ಅದನ್ನು ನೋಡಿ ಗೊಂದಲದಲ್ಲಿ ಹುಬ್ಬು ಉಜ್ಜಿಕೊಂಡರು. ನಾನು ಯಥಾಪ್ರಕಾರ ಸಾರಿ ಅಂದೆ. ಅವರು ಯಥಾಪ್ರಕಾರ ಪರವಾಗಿಲ್ಲ ಅಂದರು. ಹೊರಡುವಾಗ, ಮಾರ್ಚಿಗೆ ಶುರು ಮಾಡಬಹುದಾ ಸರ್ ಅಂತ ಧೈರ್ಯ ಮಾಡಿ ಕೇಳಿದೆ. ನೋಡೋಣ ಅಂದರು, ಕಿಟಕಿ ಪಕ್ಕದ ಕುರ್ಚಿ ಕಡೆ ತಿರುಗಿ.

ಬರುವಾಗ ಬಸ್ಸಿನಲ್ಲಿ ಅಳು ಬಂತು. ಬೇಡದೇ ಇರುವ ಮೈನಸ್ಸು ಒಂದು ನನ್ನ ಬೆನ್ನಿಗೆ ಬಿದ್ದಿದೆ, ಅದು ನನ್ನನ್ನು ಈ ಸಲವೂ ಹೊಸ್ತಿಲು ದಾಟಲು ಬಿಡುವುದಿಲ್ಲ.

ಫೆಬ್ರವರಿ 20, ಗುರುವಾರ

ಪಯಾನ್ ಲೆಕ್ಕವನ್ನು ಮನೆಯಲ್ಲಿ ಒಬ್ಬಳೇ ಮಾಡಿದೆ. ಸರಿ ಬಂತು. ಮತ್ತೆ ಮಾಡಿದೆ. ಮತ್ತೆ ಸರಿ ಬಂತು. ಮೇಷ್ಟ್ರ ಚಿಹ್ನೆಯಲ್ಲೇ, ಒಂದು ಕಡೆಯೂ ಎಡವದೆ. ಹಾಗಾದರೆ ಅಲ್ಲಿ ಏನಾಗುತ್ತದೆ ನನಗೆ? ಅವರ ಮುಂದೆ ನಿಂತರೆ ಸಾಲು ತಪ್ಪಿ ಹೇಳುತ್ತೇನೆ ಅಂತ ಕಾಣುತ್ತದೆ.

ಅಕ್ಕನಿಗೆ ಹೇಳಿದೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಲಂಗ ಚಿಕ್ಕದಾದರೆ ಅಳತೆ ಕೊಟ್ಟವಳದೇ ತಪ್ಪು ಅಂತ ಯಾಕೆ ಅಂದ್ಕೊಳ್ತೀಯ, ಟೈಲರೂ ಮನುಷ್ಯಳೇ ಅಂದಳು. ಮೇಷ್ಟ್ರ ಬಗ್ಗೆ ಹಾಗೆಲ್ಲ ಮಾತಾಡಬೇಡ ಅಂತ ರೇಗಿದೆ. ಪರವಾಗಿಲ್ವೇ, ಇತ್ತೀಚೆಗೆ ಜಗಳ ಚೆನ್ನಾಗಿ ಆಡ್ತೀಯ ಅಂತ ನಕ್ಕಳು. ಇವಳ ತಲೆ.

ಮಾರ್ಚ್ 2, ಭಾನುವಾರ

ಬರೆಯಲು ಕೈ ಬರುತ್ತಿಲ್ಲ.

ನಿಂತಿರುವ ಪ್ರೋಟಾನಿಗೆ ಇನ್ನೊಂದು ಪ್ರೋಟಾನು ಬಡಿದು ಪ್ರೋಟಾನು, ಅದರ ಪ್ರತಿಕಣ ಎರಡರ ಒಂದು ಹೊಸ ಜೋಡಿ ಹುಟ್ಟಬೇಕಾದರೆ ಬಡಿಯುವುದಕ್ಕೆ ಎಷ್ಟು ಶಕ್ತಿ ಬೇಕು? ಹಳೇ ಲೆಕ್ಕ. ಉತ್ತರ, ಪ್ರೋಟಾನಿನ ಮಾಸ್‌ನ ಏಳು ಪಟ್ಟು. ನಿನ್ನೆಯೇ ಮನೆಯಲ್ಲಿ ಮಾಡಿಟ್ಟಿದ್ದೆ. ಇವತ್ತು ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡು ಕೂತೆ. ಒಂದು ಸಾಲನ್ನೂ ಹೇಳಿಕೊಡಲಿಲ್ಲ. ಮೇಷ್ಟ್ರು ಒಬ್ಬರೇ ಬರೆದರು. ಕೊನೆಗೆ ಮೈನಸ್ ಏಳು ಬಂತು.

ಅವರು ಅದನ್ನು ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಆ ಮೈನಸ್ಸನ್ನು ಮೆಲ್ಲಗೆ ಒರೆಸಿ, ಏಳು ಅಂದು, ಮುಂದಿನ ಲೆಕ್ಕಕ್ಕೆ ಹೋದರು. ನಾನು ಅಲ್ಲಿ ಕೂತೇ ಇಲ್ಲವೇನೋ ಅನ್ನುವ ಹಾಗೆ.

ಇಷ್ಟು ದಿನದ ತಪ್ಪು ನನ್ನದಲ್ಲ. ಇದನ್ನು ತಿಳಿದು ಖುಷಿಯಾಗಬೇಕಿತ್ತು. ಆಗಲಿಲ್ಲ. ವಯಸ್ಸಾದವರು ದಿನಾ ಬರುತ್ತಾರೆ ನಮ್ಮ ಆಸ್ಪತ್ರೆಗೆ. ಯಾರು ಎಲ್ಲಿಂದ ಮರೆಯಲು ಶುರುಮಾಡುತ್ತಾರೆ ಅಂತ ಹೇಳಲಾಗದು. ಕೆಲವರು ಮಗನ ಹೆಸರಿಂದ, ಕೆಲವರು ಮನೆ ದಾರಿಯಿಂದ. ಇವರು ಮೈನಸ್ಸಿನಿಂದ ಶುರುಮಾಡಿದ್ದಾರೆ.

ಮಾರ್ಚ್ 8, ಶನಿವಾರ

ಮೇಷ್ಟ್ರ ಮಗಳು ನನ್ನನ್ನು ಹುಡುಕಿಕೊಂಡು ಆಸ್ಪತ್ರೆಗೇ ಬಂದಳು. ದೂರದ ಊರಿನಲ್ಲಿ ಹೈಸ್ಕೂಲಿಗೆ ಚರಿತ್ರೆ ಪಾಠ ಮಾಡುತ್ತಾಳಂತೆ. ಆ ಮನೇಲಿ ಹುಟ್ಟಿದೋಳು ಲೆಕ್ಕ ಕಂಡರೆ ಓಡಿಹೋಗದೆ ಇನ್ನೇನು ಮಾಡ್ತಾಳೆ ಅಂತ ಅವಳೇ ತಮಾಷೆ ಮಾಡಿದಳು. ಕೂರುವ ಭಂಗಿ, ಚೀಲ ತೊಡೆಮೇಲೆ ಇಟ್ಟುಕೊಳ್ಳುವುದು, ಎಲ್ಲ ಮೇಡಂ ಥರವೇ.

ಅಪ್ಪ ಎರಡು ಸಲ ಗ್ಯಾಸ್ ಒಲೆ ಆರಿಸದೆ ಬಿಟ್ಟಿದ್ದರಂತೆ. ಹಾಲ್‌ನಲ್ಲಿ ಒಬ್ಬರೇ ಮಾತಾಡುತ್ತಿರುತ್ತಾರಂತೆ, ಪಕ್ಕದ ಮನೆಯವರು ಫೋನ್ ಮಾಡಿ ತಿಳಿಸಿದರು. ಇವಳು ರಜೆ ಹಾಕಿ ಬಂದಿದ್ದಾಳೆ. ಬೇರೆಯವರನ್ನು ಕೇಳಿದರೆ ವಯಸ್ಸಲ್ವಾ ಅಂತಾರೆ, ಡಾಕ್ಟರ ಹತ್ತಿರ ಬನ್ನಿ ಅಂದರೆ ಅಪ್ಪ ಒಪ್ಪುತ್ತಿಲ್ಲ.

"ಅವರ ತಲೆ ಕೆಲಸ ಮಾಡೋದನ್ನ ಕಣ್ಣಾರೆ ನೋಡೋರು ಈಗ ನೀವೊಬ್ಬರೇ. ನಿಜ ಹೇಳಿ, ಲೆಕ್ಕದಲ್ಲಿ ತಪ್ತಾರಾ?"

ಇಲ್ಲ ಅನ್ನುವುದು ಎಷ್ಟು ಸುಲಭವಿತ್ತು. ಇಲ್ಲ ಅಂದರೆ ಮುಂದಿನ ವಾರ ಫೀಲ್ಡ್ ಥಿಯರಿ. ಹೌದು ಅಂದರೆ ಆ ಮನೆಗೆ ಬೀಗ, ಮೇಷ್ಟ್ರು ಮಗಳ ಊರಿಗೆ, ನನ್ನ ಪ್ರಶ್ನೆ ಮತ್ತೆ ಯಂತ್ರದೊಳಕ್ಕೆ. ಹೊರಗೆ ಬೆಂಚಿನ ಮೇಲೆ ಪೇಷೆಂಟುಗಳು ಕೆಮ್ಮುತ್ತಾ ಕಾಯುತ್ತಿದ್ದರು. ಒಲೆ ಉರಿಯುತ್ತಲೇ ಇದೆ, ಮೇಷ್ಟ್ರು ಹಲಗೆ ಮುಂದೆ ನಿಂತಿದ್ದಾರೆ ಅಂತ ಕಣ್ಣಿಗೆ ಕಟ್ಟಿತು.

"ತಪ್ತಾರೆ" ಅಂದೆ.

ಅವಳು ತಲೆಯಾಡಿಸಿದಳು. ಹದಿನೇಳರ ಸೋಮವಾರ ನಮ್ಮೂರಿಗೆ ಕರಕೊಂಡು ಹೋಗುತ್ತೇನೆ ಅಂದಳು. ನನ್ನ ಕೈ ಒತ್ತಿ ಥ್ಯಾಂಕ್ಸ್ ಬೇರೆ ಹೇಳಿದಳು. ಆ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳೋಣ ಅನ್ನಿಸಿತು.

ಮಾರ್ಚ್ 9, ಭಾನುವಾರ

ಹೋಗಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗಲಿ.

ಮಾರ್ಚ್ 13, ಗುರುವಾರ

ಇವತ್ತು ಆದದ್ದನ್ನು ನಿಧಾನವಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಮೂರು ದಿನದಿಂದ ಒಂದೇ ಹುಳ ತಲೆ ಕೊರೆಯುತ್ತಿತ್ತು. ತಪ್ಪುತ್ತಾರೆ ಅಂದೆನಲ್ಲ, ಎಲ್ಲಿ ತಪ್ಪುತ್ತಾರೆ ಅಂತ ನೋಡಿದ್ದೇನಾ? ಒಬ್ಬ ಮನುಷ್ಯನ ಮನೆಗೆ ಬೀಗ ಹಾಕಿಸುವ ಮಾತು ಆಡುವ ಮುಂಚೆ ಅಷ್ಟಾದರೂ ನೋಡಬೇಡವೇ? ಪೇಷೆಂಟು ಅಂಗಿ ಬಿಚ್ಚಿಡುವಷ್ಟು ಹೊತ್ತಿನಲ್ಲಿ ಫಿಲ್ಮಿನ ಖಾಲಿ ಕವರಿನ ಹಿಂದೆ ಆ ಮೈನಸ್ ಏಳರ ಲೆಕ್ಕವನ್ನು ಅವರು ಬರೆದಿದ್ದ ಹಾಗೇ ಸಾಲುಸಾಲು ಬರೆದೆ. ಮೊದಲ ಎರಡು ಸಾಲು ಅವರ ಚಿಹ್ನೆ. ಎರಡು ಪ್ರೋಟಾನುಗಳನ್ನು ಗುಣಿಸುವ ಜಾಗಕ್ಕೆ ಬಂದಕೂಡಲೇ ಕಾಲಕ್ಕೆ ಮೈನಸ್ಸು. ಅಲ್ಲಿಂದ ಕೊನೇವರೆಗೆ ಕಾಲಕ್ಕೇ ಮೈನಸ್ಸು. ಅಂದರೆ ಅರ್ಧದಿಂದ ಮುಂದಿನದೆಲ್ಲ ಮೇಡಂ ಚಿಹ್ನೆಯಲ್ಲಿ, ಒಂದೂ ತಪ್ಪಿಲ್ಲದೆ.

ಇನ್ನೊಂದು ಕವರು ಎಳೆದುಕೊಂಡೆ. ಪಯಾನ್ ಲೆಕ್ಕ ಬರೆದೆ. ಅದೇ ಜಾಗ. ಫೆಬ್ರವರಿ ಎರಡರದು ಬರೆದೆ. ಅದೇ ಜಾಗ. ಮರೆವು ಅಂದರೆ ಇವತ್ತು ಇಲ್ಲಿ, ನಾಳೆ ಅಲ್ಲಿ ಕೈಕೊಡಬೇಕು. ಇದು ಪ್ರತಿ ಸಲ ಅದೇ ಬಾಗಿಲಿನಿಂದ ಹೊರಟು ಅದೇ ಮನೆಗೆ ಹೋಗಿದೆ.

ನಾನು ಕಷ್ಟಪಟ್ಟು ಮೇಡಂ ಚಿಹ್ನೆ ಬಿಟ್ಟು ಮೇಷ್ಟ್ರ ಕಡೆಗೆ ಬರುತ್ತಿದ್ದೆ. ಮೇಷ್ಟ್ರು ಅದೇ ದಾರಿಯಲ್ಲಿ ಎದುರಿನಿಂದ ಮೇಡಂ ಕಡೆಗೆ ಹೋಗುತ್ತಿದ್ದರು.

ಅಷ್ಟರಲ್ಲಿ ಪರದೆ ಹಿಂದಿನಿಂದ ಕ್ಷೀಣ ದನಿಯೊಂದು, ಅಮ್ಮಾ, ಇನ್ನು ಉಸಿರು ಬಿಡಬಹುದಾ ಅಂತ ಕೇಳಿತು. ಬರೆಯುವ ನಡುವೆ ಅಭ್ಯಾಸಬಲದಿಂದ ಹಿಡ್ಕೊಳ್ಳಿ ಅಂದಿದ್ದವಳು ಬಿಡಿ ಅನ್ನಲೇ ಇಲ್ಲ. ಪಾಪ, ಮುಖ ಕೆಂಪಾಗಿಹೋಗಿತ್ತು.

ಮಾರ್ಚ್ 14, ಶುಕ್ರವಾರ

ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಹೋದೆ. ಮಗಳು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಮೇಷ್ಟ್ರು ಮೂಲೆಯ ಸ್ಟೂಲಿನ ಮೇಲೆ, ಬೇರೆಯವರ ಮನೆಗೆ ಬಂದವರ ಹಾಗೆ ಕೂತಿದ್ದರು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಕವರುಗಳನ್ನು ಅವರ ಮುಂದೆ ಹಿಡಿದೆ. ಸರ್, ನೀವು ತಪ್ಪುತ್ತಿಲ್ಲ, ಮೇಡಂ ಚಿಹ್ನೆಗೆ ಹೋಗುತ್ತಿದ್ದೀರಿ ಅಂದೆ. ನಿಮಗೆ ಗೊತ್ತಿತ್ತಾ ಅಂತಲೂ ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೇಳಿದರು.

"ಮೊದಲು ಗೊತ್ತಿರಲಿಲ್ಲ. ಆವತ್ತು ನೀವು ಬೋರ್ಡ್ ಮೇಲೆ ಅವಳ ಹಾಗೇ ಬರೆದ್ರಲ್ಲ, ಅಲ್ಲಿಂದ ಕೈ ತಾನಾಗೇ ಹೋಗ್ತಿತ್ತು. ಗೊತ್ತಾದ್ಮೇಲೆ ತಡೀಲಿಲ್ಲ. ಊಟಕ್ಕೆ ಕೂತಾಗ ಅವಳಿಲ್ಲ ಅನ್ನೋದನ್ನ ಹೇಗೋ ನುಂಗ್ಕೊಳ್ತೀನಿ. ಬೋರ್ಡ್ ಮುಂದೆ ಆಗಲ್ಲ. ನಾನು ಬರೆದ ಒಂದು ಸಾಲನ್ನೂ ಅವಳು ಸುಮ್ಮನೆ ಬಿಟ್ಟೋಳಲ್ಲ. ಈಗ ಏನು ಬರೆದ್ರೂ ಯಾರೂ ಏನೂ ಅನ್ನಲ್ಲ."

ನನ್ನ ಕಡೆ ನೋಡಿ, "ನೀವೂ ಸಾರಿ ಅಂತೀರಿ" ಅಂದರು.

ಮಗಳು ಕೈಯಲ್ಲಿದ್ದ ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ಹಿಂದೆಯೇ ಹೋದೆ. ಕಣ್ಣೊರೆಸಿಕೊಳ್ಳುತ್ತಿದ್ದಳು. ಈಗಲಾದರೂ ಮೇಷ್ಟ್ರನ್ನು ಇಲ್ಲೇ ಬಿಟ್ಟುಹೋಗುತ್ತಾಳೆ ಅಂತ ನನ್ನ ಎಣಿಕೆ. ಅವಳು ಅಂದದ್ದೇ ಬೇರೆ. "ಮರೆವಲ್ಲ, ಸರಿ. ಹಾಗಾದ್ರೆ ಇನ್ನೂ ಕಷ್ಟ. ಇಷ್ಟು ಕೊರಗ್ತಿರೋರನ್ನ ಈ ಮನೇಲಿ ಒಬ್ಬರನ್ನೇ ಬಿಟ್ಟು ಹೇಗೆ ಹೋಗ್ಲಿ, ನೀವೇ ಹೇಳಿ."

ಅವಳ ಮಾತು ಸರಿಯಾಗಿಯೇ ಇತ್ತು. ಭಾನುವಾರ ಕೊನೇ ಸಲ ಬನ್ನಿ, ಅಪ್ಪನಿಗೂ ಸಮಾಧಾನ ಆಗುತ್ತೆ ಅಂದಳು.

ಬಸ್ಸು ಬರುವ ತನಕ ಸ್ಟಾಪಿನಲ್ಲಿ ನಿಂತು ಅತ್ತೆ. ಮೇಷ್ಟ್ರಿಗೋ, ಮೇಡಂಗೋ, ನನಗೋ, ಯಾರಿಗೆ ಅಂತ ಗೊತ್ತಾಗಲಿಲ್ಲ. ಇಷ್ಟು ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಒಂದೇ ಒಂದು ಪಾಠ.

ಮಾರ್ಚ್ 16, ಭಾನುವಾರ

ಗಂಟಲು ಬಿದ್ದುಹೋಗಿದೆ. ಮಾತು ಹೊರಡುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೇಷ್ಟ್ರು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ತಯಾರಾಗಿ ನಿಂತಿದ್ದರು. ಫೀಲ್ಡ್ ಥಿಯರಿಯ ಮೊದಲ ಸಮೀಕರಣ ನೀವೇ ಬರೀರಿ, ಇಲ್ಲಿ ತನಕ ಬಂದಿರೋದು ನೀವು ಅಂದರು. ರಿಲೇಟಿವಿಟಿ ಕೈಗೆ ಕೂತವರಿಗೆ ಅದು ಕಷ್ಟವಿಲ್ಲ. ಕೊನೆಯಲ್ಲಿ ಎಂ ವರ್ಗ ಬರುತ್ತದೆ. ಮೇಷ್ಟ್ರ ಚಿಹ್ನೆಯಲ್ಲಾದರೆ ಅದರ ಹಿಂದೆ ಪ್ಲಸ್ಸು. ಮೇಡಂ ಚಿಹ್ನೆಯಲ್ಲಾದರೆ ಮೈನಸ್ಸು. ಚಾಕ್‌ಪೀಸ್ ಹಿಡಿದಾಗ ಅನ್ನಿಸಿತು, ಒಂದೇ ಪಾಠ ಅಂದಮೇಲೆ ಇನ್ನು ಯಾರ ಮುಲಾಜು? ಕೈ ತಾನು ಮೊದಲು ಕಲಿತ ಕಡೆಗೇ ಹೋಗಲಿ. ಮೈನಸ್ ಬರೆದೆ.

ಅಲ್ಲಿ ಪ್ಲಸ್ ಬರಬೇಕು ಅಂದರು ಮೇಷ್ಟ್ರು, ಮೆತ್ತಗೆ. ಇಲ್ಲ ಸರ್, ಮೈನಸ್ಸೇ ಅಂದೆ. ಫೀಲ್ಡ್ ಥಿಯರೀಲಿ ಹಾಗೆ ಬರೆಯಲ್ಲ ಅಂದರು. ಬರೆಯೋರೂ ಇದ್ದಾರೆ, ನಾನೂ ಬರೆದಿದ್ದೀನಿ, ತಪ್ಪು ಎಲ್ಲಿ ತೋರಿಸಿ ಅಂದೆ. ತೋರಿಸಲು ಎದ್ದು ಬಂದರು. ತಪ್ಪಿದ್ದರೆ ತಾನೇ ತೋರಿಸೋದು? ನನ್ನ ಚಿಹ್ನೆಯಲ್ಲಿ ಅದು ಸರಿಯಾಗೇ ಇತ್ತು. ಅವರ ದನಿ ಒಂದು ಪಟ್ಟು ಏರಿತು, ನನ್ನದು ಎರಡು ಪಟ್ಟು. ಇಷ್ಟು ವಾರ ಮಾಡದ ತಪ್ಪಿಗೆಲ್ಲ ಸಾರಿ ಹೇಳಿದ ಸಿಟ್ಟು ಒಟ್ಟಿಗೆ ನೆತ್ತಿಗೇರಿತ್ತು.

"ಯಾರು ನಿನಗೆ ಹೇಳಿದ್ದು ಕಾಲಕ್ಕೆ ಮೈನಸ್ ಹಾಕು ಅಂತ?"

"ಮೇಡಂ ಹೇಳಿದ್ದು. ಬೇಕಾದ್ರೆ ನೀವು ನಿಮ್ಮದರಲ್ಲಿ ಬರೀರಿ, ನಾನು ನಂದರಲ್ಲಿ ಬರೀತೀನಿ. ಮಧ್ಯದಲ್ಲಿ ಮಾತ್ರ ನನ್ನ ಕಡೆ ಬರಬೇಡಿ."

ಹಲಗೆಗೆ ಅವರೇ ನಡುವೆ ಗೆರೆ ಎಳೆದರು. ಎಡಕ್ಕೆ ಅವರು, ಬಲಕ್ಕೆ ನಾನು. ಒಂದೊಂದು ಸಾಲಿಗೂ ಆ ಕಡೆಯಿಂದ ಕೊಂಕು, ಈ ಕಡೆಯಿಂದ ಉತ್ತರ. ಎರಡು ಚಾಕ್‌ಪೀಸ್ ಮುರಿದವು. ಎದುರುಮನೆ ನಾಯಿ ಬೊಗಳಲು ಶುರುಮಾಡಿತು. ಮೇಷ್ಟ್ರು ಕೊನೇವರೆಗೆ ಒಂದು ಕಡೆಯೂ ಜಾರಲಿಲ್ಲ. ಜಾರಿದ್ದು ನಾನೇ, ಅದೂ ಎರಡು ಸಲ. ಹಿಡಿದುಬಿಟ್ಟು ಏನು ಸಂಭ್ರಮ ಅಂತೀರಾ ಆ ಮುದುಕರಿಗೆ. ಇಬ್ಬರದೂ ಕೊನೆಗೆ ಒಂದೇ ಉತ್ತರ ಬಂತು. ಬರಲೇಬೇಕಲ್ಲ. ತಮ್ಮದೇ ಚಿಕ್ಕದಾಗಿ ಬಂತು ಅಂತ ಅದಕ್ಕೂ ಒಂದು ತಕರಾರು ತೆಗೆದರು, ಉದ್ದ ಇದ್ದದ್ದು ಅವರದೇ.

ಸುಸ್ತಾಗಿ ಕೂತಮೇಲೆ ನನ್ನ ಪ್ರಶ್ನೆ ಕೇಳಿದೆ. ಗುಂಡಿ ಒತ್ತುವ ಮುಂಚೆ ಬೆಳಕಿನ ಕಣ ಎಲ್ಲಿತ್ತು? ಮೇಷ್ಟ್ರು ಏದುಸಿರು ಬಿಡುತ್ತಲೇ ಹೇಳಿದರು. ಕಣ ಇರಲಿಲ್ಲ, ಕ್ಷೇತ್ರ ಇತ್ತು. ಅದು ಎಲ್ಲ ಕಡೆಯೂ ಇರುತ್ತದೆ, ಖಾಲಿ ಅಂದುಕೊಂಡ ಕಡೆಯೂ. ಸುಮ್ಮನಿರುತ್ತದೆ ಅಷ್ಟೇ. ಓಡುವ ಎಲೆಕ್ಟ್ರಾನು ಗಕ್ಕನೆ ನಿಂತಾಗ ಅದನ್ನು ತಟ್ಟಿದ ಹಾಗಾಗುತ್ತದೆ, ಎದ್ದು ಬರುತ್ತದೆ. ಅದನ್ನೇ ನಾವು ಕಣ ಅನ್ನುತ್ತೇವೆ. ಹೇಗೆ ತಟ್ಟಬೇಕು, ಎಷ್ಟು ತಟ್ಟಿದರೆ ಎಷ್ಟು ಏಳುತ್ತದೆ ಅನ್ನುವ ಲೆಕ್ಕಕ್ಕೆ ಇನ್ನೂ ಒಂದು ವರ್ಷ ಬೇಕು. ಇದು ಬರೀ ಬಾಗಿಲು.

ಬಾಗಿಲು ಸಿಕ್ಕಿತು ಅಂತ ಸಂತೋಷ, ಇಷ್ಟೇ ಅಂತ ಸಂಕಟ. ಒಂದು ವರ್ಷ ಅಂದಾಗ ಅವರಿಗೂ ನನಗೂ ನಾಳೆಯ ಪ್ರಯಾಣ ನೆನಪಿಗೆ ಬಂತು. ಆಗ ಗಮನಿಸಿದೆ, ಮೇಷ್ಟ್ರು ಆಯಾಸದಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತುಬಿಟ್ಟಿದ್ದರು, ಶಾಲಿನ ಮೇಲೇ. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಮಗಳು ಟೀ ತಂದವಳು ಬಾಗಿಲಲ್ಲೇ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಟೀ ತಟ್ಟೆಯಲ್ಲೆಲ್ಲ ಚೆಲ್ಲಿತ್ತು.

ಗೇಟಿನ ತನಕ ಕಳಿಸಲು ಬಂದಳು. "ಚಿಕ್ಕವಳಿದ್ದಾಗ ಈ ಗಲಾಟೆ ಕೇಳ್ತಾ ಕೇಳ್ತಾನೇ ನನಗೆ ನಿದ್ದೆ ಬರ್ತಿತ್ತು. ನಾಳೆ ನಾನೊಬ್ಬಳೇ ಹೋಗ್ತೀನಿ. ಭಾನುವಾರ ತಪ್ಪಿಸ್ಬೇಡಿ" ಅಂದಳು. ತಾನೇ ಆರಿಹೋಗುವ ಕರೆಂಟ್ ಒಲೆ ಕೊಂಡು ಇಟ್ಟು ಹೋಗುತ್ತಾಳಂತೆ, ದಿನಾ ಸಂಜೆ ಫೋನ್ ಮಾಡುತ್ತಾಳಂತೆ. ನಾನು ಯಾಕೆ ತಪ್ಪಿಸಲಿ? ಆದರೆ ಮನಸ್ಸು ಯಾಕೆ ಬದಲಾಯಿಸಿದಳು ಅಂತ ಗೊತ್ತಾಗಲಿಲ್ಲ. ಮರ್ಯಾದಸ್ಥರ ಮನೆಯಲ್ಲಿ ಅಷ್ಟು ಕೂಗಾಡಿದ್ದಕ್ಕೆ ಬಾಗಿಲು ಹಾಕಿಕೊಳ್ಳುತ್ತಾರೆ ಅಂತ ಹೆದರಿದ್ದೆ.

ಅಕ್ಕ ಬಿಸಿನೀರು ಕೊಟ್ಟು, ಯಾರ ಜೊತೆ ಹೊಡೆದಾಡಿಕೊಂಡು ಬಂದೆ ಅಂತ ಕೇಳಿದಳು. ಕೈಸನ್ನೆಯಲ್ಲಿ ಆಮೇಲೆ ಹೇಳುತ್ತೇನೆ ಅಂದೆ. ಹೊರಡುವಾಗಲೂ ಮೇಷ್ಟ್ರು ಕಿಟಕಿಯಿಂದ ಪ್ಲಸ್ಸು ಪ್ಲಸ್ಸು ಅಂತ ಕೂಗುತ್ತಲೇ ಇದ್ದರು. ಎಂಥ ಹಟಮಾರಿ ಮನುಷ್ಯ. ಮುಂದಿನ ಭಾನುವಾರದೊಳಗೆ ಅವರ ಬಾಯಿ ಮುಚ್ಚಿಸುವಂಥ ಲೆಕ್ಕ ಒಂದನ್ನು ಹುಡುಕಿಕೊಳ್ಳಬೇಕು.